ಒಂದೂಕಾಲು ಮೀಟರಿನಲ್ಲಿ ಹಿಡಿಯಬೇಕಾದ ಹೆಸರು

ಆ ವರ್ಷ ಟರ್ಕಿಯ ದೆನಿಜ್ಲಿಯಲ್ಲಿ ಒಂದು ಹೂಚಕ್ರಕ್ಕೆ ಒಂದೂವರೆ ಲಕ್ಷ ಲೀರಾ ಬೀಳುತ್ತಿತ್ತು. ಹುಲ್ಲಿನ ಸಿಂಬಿ, ಅದಕ್ಕೆ ಸುತ್ತುವ ಪೈನ್ ಸೊಪ್ಪು, ನಿಲ್ಲಿಸಲು ಮೂರು ಕಾಲಿನ ಮರದ ಕುದುರೆ, ಇಷ್ಟಕ್ಕೆ ಅರವತ್ತು ಸಾವಿರ. ಹೂವಿಗೆ ಐವತ್ತು ಸಾವಿರ; ಚಳಿಗಾಲದಲ್ಲಾದರೆ ಇನ್ನೂ ಮೇಲೆ. ವ್ಯಾನಿನ ಬಾಡಿಗೆ ಇಪ್ಪತ್ತು. ಮಿಕ್ಕಿದ್ದು ಅಕ್ಷರಕ್ಕೆ. ಥರ್ಮೋಕೋಲಿನಲ್ಲಿ ಕೊಯ್ದು ಬಂಗಾರದ ಬಣ್ಣದ ಕಾಗದ ಅಂಟಿಸಿದ ಒಂದು ಅಕ್ಷರಕ್ಕೆ ಎರಡು ಲೋಟ ಚಹಾದ ಬೆಲೆ. ಇಡೀ ಹೂಚಕ್ರದಲ್ಲಿ ಅತಿ ಅಗ್ಗದ ವಸ್ತು ಅದು. ಆದರೆ ಜನ ಜಗಳಕ್ಕೆ ಬರುತ್ತಿದ್ದದ್ದು ಅದೊಂದಕ್ಕೇ. ಹೂವು ಬಾಡಿತ್ತೆಂದು ವಾಪಸು ಬಂದವರನ್ನು ಅಕ್ಷರ ಕೊಯ್ಯುವ ನೆಜಾಹತ್ ಈವರೆಗೆ ನೋಡಿರಲಿಲ್ಲ. ತನ್ನ ಹೆಸರು ಪಕ್ಕದವನ ಹೆಸರಿಗಿಂತ ಎರಡು ಬೆರಳು ಗಿಡ್ಡವಾಯಿತೆಂದು ಬಂದವರಿಗೆ ಲೆಕ್ಕವಿರಲಿಲ್ಲ.

ಅಂಗಡಿ ಪ್ರಾರಂಭವಾಗಲಿ, ಮದುವೆಯಾಗಲಿ, ಮಗನ ಸುನ್ನತಿಯಾಗಲಿ, ಸಾವಾಗಲಿ, ಆ ಊರಿನಲ್ಲಿ ಆಳೆತ್ತರದ ಹೂಚಕ್ರ ಕಳಿಸಬೇಕು. ಅದರ ಹಲಗೆಯ ಮೇಲೆ ಮದುಮಕ್ಕಳ ಹೆಸರಿರುವುದಿಲ್ಲ, ಸತ್ತವರ ಹೆಸರಂತೂ ಇಲ್ಲವೇ ಇಲ್ಲ. ಕಳಿಸಿದವನ ಹೆಸರು ಮಾತ್ರ. "ಸತ್ತವನು ಓದೋಕೆ ಬರ್ತಾನಾ? ಬದುಕಿರೋರು ತಾನೇ ಓದೋದು," ಎನ್ನುತ್ತಿದ್ದ ಹೂವಿನಂಗಡಿಯ ಬಹ್ತಿಯಾರ್. ನೆಜಾಹತ್‌ಳ ಅಂಗಡಿ ಅವನ ಅಂಗಡಿಗೆ ಅಂಟಿಕೊಂಡೇ ಇತ್ತು. ಹೂವು ಅವನದು, ಹೆಸರು ಇವಳದು.

ಅವಳ ಅಕ್ಷರಗಳನ್ನು ಮಾಡಿದ್ದು ಗಂಡ ಜಾವಿತ್. ಅವನು ತೀರಿಕೊಂಡಾಗ ಬಿಟ್ಟುಹೋದದ್ದು ಗೊಂಜಾ ಹಾನ್ ಎಂಬ ಹಳೆಯ ಕಟ್ಟಡದ ಮೂಲೆಯಲ್ಲಿ ಒಂದು ಬಾಡಿಗೆ ಮಳಿಗೆ, ಥರ್ಮೋಕೋಲನ್ನು ಬೆಣ್ಣೆಯಂತೆ ಕೊಯ್ಯುವ ಕಾದ ತಂತಿಯ ಯಂತ್ರ, ಮತ್ತು ಅಲ್ಲಿಯವರು ಬರೆಯುವ ರೋಮನ್ ಲಿಪಿಯ ಇಪ್ಪತ್ತೊಂಬತ್ತೂ ಅಕ್ಷರಗಳಿಗೆ ತಗಡಿನಲ್ಲಿ ಕತ್ತರಿಸಿದ ಅಚ್ಚು. ಅವನಿಗಿಂತ ಮುಂಚೆ ಹೂಚಕ್ರಗಳ ಮೇಲೆ ಮದುವೆ ಪತ್ರಿಕೆಯ ಬಳುಕು ಅಕ್ಷರಗಳಿದ್ದವು. ಈ ಕಡೆಯ ಮನೆತನದ ಹೆಸರುಗಳೋ ಉದ್ದುದ್ದ. ಹಲಗೆ ಒಂದೂಕಾಲು ಮೀಟರು. ಅದಕ್ಕಿಂತ ಅಗಲ ಮಾಡಿದರೆ ವ್ಯಾನಿನ ಬಾಗಿಲಲ್ಲಿ ತೂರುವುದಿಲ್ಲ. ಹಾಗಾಗಿ ಜಾವಿತ್ ಅಕ್ಷರಗಳ ಬಾಲ, ಕೊಂಬು, ಪಾದ ಎಲ್ಲವನ್ನೂ ಕತ್ತರಿಸಿ ಹಾಕಿದ. ಗೆರೆಗಳನ್ನು ದಪ್ಪ ಮಾಡಿದ. ತುಂಬಿದ ಮಿನಿಬಸ್ಸಿನಲ್ಲಿ ಭುಜ ಒಳಗೆಳೆದು ನಿಂತ ಜನರಂತೆ ಒಂದೊಂದನ್ನೂ ಕಿರಿದಾಗಿ, ನೆಟ್ಟಗೆ ನಿಲ್ಲಿಸಿದ. ಆದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಒಂದಿಷ್ಟು ಬಿಳಿ ಉಳಿಸಿದ. "ದಪ್ಪ ಇರಲಿ, ಕಿರಿದಾಗಿರಲಿ, ಉಸಿರಾಡಬೇಕು ಮಾತ್ರ," ಎನ್ನುತ್ತಿದ್ದ. ಆ ಅಕ್ಷರದಲ್ಲಿ ಬರೆದ ಹೆಸರನ್ನು ರಸ್ತೆಯ ಆಚೆ ಬದಿಯಿಂದ, ನೋಡುತ್ತಿಲ್ಲವೆಂದು ನಟಿಸುವವನೂ ಓದಬಹುದಿತ್ತು. ಊರಿಗೆ ಬೇಕಿದ್ದದ್ದು ಅಷ್ಟೇ.

ಚಳಿಗಾಲ ಮುಗಿಯುವ ಹೊತ್ತಿಗೆ ನೆಜಾಹತ್‌ಳಿಗೆ ಒಂದು ಚಿಂತೆ ಹತ್ತಿತು. ಗೊಂಜಾ ಹಾನ್ ಅಂಗಡಿಕಾರರ ಸಂಘಕ್ಕೆ ಸೇರಿದ ಕಟ್ಟಡ. ಮಳಿಗೆಗಳ ಕರಾರು ವಸಂತಕ್ಕೆ ಮುಗಿಯುತ್ತಿತ್ತು, ಮತ್ತೆ ಯಾರಿಗೆ ಕೊಡುವುದೆಂದು ಹೇಳುವವನು ಸಂಘದ ಅಧ್ಯಕ್ಷ. ಅವಳ ಮೂಲೆಯ ಮಳಿಗೆಯ ಮೇಲೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವವನೊಬ್ಬ ಆಗಲೇ ಕಣ್ಣಿಟ್ಟಿದ್ದ. ಬಹುಕಾಲದ ಅಧ್ಯಕ್ಷ ಸುಬ್ಹಿ ಬೇ, ಅಂದರೆ ಸುಬ್ಹಿ ಯಜಮಾನರು, ಒಳ್ಳೆಯ ಮನುಷ್ಯ, ವಯಸ್ಸಾಯಿತೆಂದು ಕುರ್ಚಿ ಬಿಡುತ್ತಿದ್ದರು. ಆ ಕುರ್ಚಿಗೆ ಇಬ್ಬರು ನಿಂತಿದ್ದರು. ಒಬ್ಬ ಟವೆಲ್ ವ್ಯಾಪಾರಿ ರಿಫ್ಕಿ ಆಕ್. ಇನ್ನೊಬ್ಬ ಒಲೆ ಮಾರುವ ಅಬ್ದುರ್ರಹಮಾನ್ ಕರಾಮುಸ್ತಫಾವೊಲು. ಇಬ್ಬರೂ ಅವಳ ಗಿರಾಕಿಗಳೇ. ಯಾರು ಗೆದ್ದರೂ ಮಳಿಗೆಯ ಬೀಗದ ಕೈ ಅವರದು. ಆದ್ದರಿಂದ ಇಬ್ಬರನ್ನೂ ಸಮನಾಗಿ ಸಂತೋಷಪಡಿಸುವುದೆಂದು ಅವಳು ನಿಶ್ಚಯಿಸಿದಳು. ಎರಡು ದೋಣಿಯಲ್ಲಿ ಕಾಲಿಡಬಾರದೆಂದು ಹೇಳುವವರಿಗೆ ಮಳಿಗೆ ಖಾಲಿ ಮಾಡುವ ಭಯವಿರುವುದಿಲ್ಲ.

ಮೊದಲು ಬಂದದ್ದು ಅಬ್ದುರ್ರಹಮಾನ್. ದಪ್ಪ ಮೀಸೆ, ದಪ್ಪ ಕೋಟು, ಒಳಗೆ ಬಂದರೆ ಅಂಗಡಿಯ ಬೆಳಕು ಅರ್ಧ ಕಡಿಮೆಯಾಗುತ್ತಿತ್ತು.

"ಅಕ್ಕಾ, ನಾನು ನಿನಗೇನು ಅನ್ಯಾಯ ಮಾಡಿದೀನಿ?"

"ಕೂತ್ಕೊಳಿ ಅಬ್ದುರ್ರಹಮಾನ್ ಬೇ. ಚಹಾ ಹೇಳ್ತೀನಿ."

"ಚಹಾ ಗಂಟಲಲ್ಲಿ ಇಳಿಯಲ್ಲ. ನಿನ್ನೆ ಔಷಧಿ ಅಂಗಡಿ ಪ್ರಾರಂಭಕ್ಕೆ ಹೋಗಿದ್ದೆ. ರಿಫ್ಕಿ ಹೆಸರು ಒಂದು ಗೇಣು ಎತ್ತರ, ನನ್ನದು ನಾಲ್ಕು ಬೆರಳು. ಬೇರೆ ಜಾಗ ಸಿಗಲಿಲ್ಲ ಅಂತ ಪಕ್ಕಪಕ್ಕದಲ್ಲೇ ನಿಲ್ಲಿಸಿದಾರೆ. ನನ್ನ ಹೆಂಡತಿ ಹೇಳಿದಳು, 'ನೀವು ಅವರ ಗುಮಾಸ್ತನ ಥರ ಕಾಣ್ತಿದ್ರಿ' ಅಂತ."

"ಅವರ ಹೆಸರಲ್ಲಿ ಇರೋದೇ ಏಳು ಅಕ್ಷರ, ನಿಮ್ಮದು ಇಪ್ಪತ್ತಾರು. ಹಲಗೆ ಒಂದೇ ಅಗಲ. ನಾನೇನು ಮಾಡಲಿ?"

"ಅದು ನಮ್ಮಜ್ಜ ಮಾಡಿದ ಕೆಲಸ," ಅಬ್ದುರ್ರಹಮಾನ್ ನಿಟ್ಟುಸಿರುಬಿಟ್ಟ. "ಎಲ್ಲರೂ ಮನೆತನದ ಹೆಸರು ಇಟ್ಕೊಳ್ಳಿ ಅಂತ ಸರ್ಕಾರ ಹೇಳಿದಾಗ, ಉದ್ದ ಇದ್ದಷ್ಟೂ ಗೌರವ ಅಂದ್ಕೊಂಡ. ಮುಂದೆ ಹೂಚಕ್ರ ಬರುತ್ತೆ ಅಂತ ಅವನಿಗೇನು ಕನಸು ಬಿದ್ದಿತ್ತಾ?"

"ಮೊದಲ ಹೆಸರನ್ನ ಒಂದೇ ಅಕ್ಷರಕ್ಕೆ ಇಳಿಸಿದ್ರೆ?"

"ಅ ಅಂದ್ರೆ ಯಾರು? ನನ್ನ ತಮ್ಮ ಅಹ್ಮತ್ ಕೂಡ ಅ. ನನ್ನ ದುಡ್ಡಲ್ಲಿ ಅವನು ಹೆಸರು ಮಾಡ್ಕೋತಾನೆ."

"ಎರಡು ಸಾಲು ಮಾಡ್ಲಾ?"

"ಇಬ್ಬರು ದುಡ್ಡು ಕೂಡಿಸಿ ಒಂದು ಹೂಚಕ್ರ ಕಳಿಸಿದಾರೆ ಅಂತಾರೆ ಜನ."

"ಹಾಗಾದ್ರೆ ಕಿರಿದು ಮಾಡ್ಬೇಕು. ಕಿರಿದು ಮಾಡಿದ್ರೆ ಗೆರೆ ತೆಳ್ಳಗಾಗ್ಬೇಕು."

"ತೆಳ್ಳಗೆ? ನಾನೇನು ಸೇಮಿಗೆ ವ್ಯಾಪಾರ ಮಾಡ್ತೀನಾ? ಎತ್ತರ ಇರಲಿ, ದಪ್ಪ ಇರಲಿ, ಒಂದೇ ಸಾಲಿರಲಿ. ಉಳಿದದ್ದು ನಿನ್ನ ಕೈಗುಣ."

ಮೂರನ್ನೂ ಒಟ್ಟಿಗೆ ಕೇಳುವವನು ನಾಲ್ಕನೆಯದೊಂದನ್ನು ಕಳೆದುಕೊಳ್ಳುತ್ತಾನೆಂದು ನೆಜಾಹತ್‌ಳಿಗೆ ಗೊತ್ತಿತ್ತು. ಆದರೂ ಜಾವಿತ್‌ನ ಅಚ್ಚನ್ನು ಪಕ್ಕಕ್ಕಿಟ್ಟು ರಟ್ಟಿನಲ್ಲಿ ಹೊಸ ಅಚ್ಚು ಮಾಡಿದಳು. ಒಂದು ಗೇಣು ಎತ್ತರ, ಎರಡು ಬೆರಳು ಅಗಲ. ಅಕ್ಷರಗಳ ಹೊಟ್ಟೆಯ ಬಿಳಿ ಸೂಜಿಯ ಕಣ್ಣಿನಷ್ಟಾಯಿತು. ಕಣ್ಣು ಕಿರಿದು ಮಾಡಿ ನೋಡಿದರೆ ಓದಲು ಬರುತ್ತಿತ್ತು. ಮುಂದಿನ ಮದುವೆಯಲ್ಲಿ ಅಬ್ದುರ್ರಹಮಾನ್‌ನ ಹೆಸರು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಗೇಣೆತ್ತರಕ್ಕೆ ನಿಂತಿತು. ಅವನು ಒಂದು ಡಬ್ಬಿ ಲೋಕುಮ್ ಮಿಠಾಯಿ ಕಳಿಸಿದ.

ಮಿಠಾಯಿ ಮುಗಿಯುವ ಮೊದಲೇ ರಿಫ್ಕಿ ಆಕ್ ಬಂದ. ಸಣ್ಣಗೆ, ನಗುನಗುತ್ತಾ ಚುಚ್ಚುವ ಮನುಷ್ಯ.

"ಏನಕ್ಕಾ, ಒಲೆ ಸಾಹುಕಾರರಿಗೆ ಹೊಸ ಅಂಗಿ ಹೊಲಿದುಕೊಟ್ಟೆಯಂತೆ."

"ಗಿರಾಕಿ ಕೇಳಿದ್ದು ಕೊಡೋದು ನನ್ನ ಕೆಲಸ ರಿಫ್ಕಿ ಬೇ."

"ಕೊಡು, ಕೊಡು. ಆದರೆ ನಮ್ಮ ಕಡೆನೂ ಸ್ವಲ್ಪ ನೋಡು. ಅವನ ಹಲಗೆ ತುಂಬಿ ತುಳುಕ್ತಿದೆ. ನನ್ನದು ನಡುವೆ ನಾಲ್ಕು ಹಲ್ಲು ಉಳಿದ ಮುದುಕನ ಬಾಯಿ ಥರ. ಆ ಕಡೆ ಖಾಲಿ, ಈ ಕಡೆ ಖಾಲಿ. 'ಏನ್ ರಿಫ್ಕಿ, ದುಡ್ಡು ಸಾಲಲಿಲ್ವಾ' ಅಂತ ನನ್ನ ಷಡ್ಡಕನೇ ಕೇಳಿದ."

"ಅಕ್ಷರ ಅಗಲ ಮಾಡ್ಲಾ?"

"ಅಗಲ ಮಾಡಿದ್ರೆ ಬಿಸಿಲಿಗೆ ಬಿದ್ದ ಬೆಕ್ಕಿನ ಥರ ಕಾಣುತ್ತೆ. ಎತ್ತರ ಮಾಡು. ಎರಡು ಗೇಣು."

ಎರಡು ಗೇಣು ಮಾಡಿದಾಗ ರಿಫ್ಕಿಯ ಏಳು ಅಕ್ಷರಗಳು ಜಾವಿತ್‌ನ ಅಚ್ಚಿನ ಅಳತೆಯಲ್ಲೇ ಬೆಳೆದು ಹಲಗೆಯನ್ನು ಕರಾರುವಾಕ್ಕಾಗಿ ತುಂಬಿದವು. ಮಿನಾರಿನ ಮೇಲಿಂದಲೂ ಓದಬಹುದಿತ್ತು. ನೆಜಾಹತ್ ಕೆಲಸಗಾರ್ತಿಯ ಕಣ್ಣಿನಿಂದ ಅದನ್ನು ನೋಡಿ ಮೆಚ್ಚಿದಳು. ಬಾಡಿಗೆದಾರಳ ಕಣ್ಣಿನಿಂದ ನೋಡಿ ಬೆವರಿದಳು. ಅಬ್ದುರ್ರಹಮಾನ್ ಬರುವುದಕ್ಕೆ ತಡವಾಗಲಿಲ್ಲ.

"ಎರಡು ಗೇಣು," ಎಂದ. ಕೂರಲೂ ಇಲ್ಲ.

ಅವಳು ಕೊಯ್ದಳು. ಎರಡು ಗೇಣು ಎತ್ತರ, ಅಗಲ ಮೊದಲಿನ ಎರಡು ಬೆರಳೇ, ಏಕೆಂದರೆ ಹಲಗೆ ಬೆಳೆಯುವುದಿಲ್ಲ. ಎತ್ತರಕ್ಕೆ ತಕ್ಕ ದಪ್ಪ ಕೊಟ್ಟಾಗ ಅಕ್ಷರಗಳ ಹೊಟ್ಟೆಯಲ್ಲಿ ಬಿಳಿಯೇ ಉಳಿಯಲಿಲ್ಲ. ಇಪ್ಪತ್ತಾರನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ತಾನೇ ಕೊಯ್ದದ್ದು, ತನಗೇ ಓದಲಾಗಲಿಲ್ಲ. ಬಂಗಾರದ ಬಣ್ಣ ಬಳಿದ ಬೇಲಿ.

"ಓದೋಕಾಗಲ್ಲ ಅಬ್ದುರ್ರಹಮಾನ್ ಬೇ. ನಾನು ಇದನ್ನ ಹೇಳದೆ ಕಳಿಸಿದ್ರೆ ಪಾಪ ಬರುತ್ತೆ."

ಅವನು ಕೈ ಹಿಂದೆ ಕಟ್ಟಿಕೊಂಡು ಬೇಲಿಯ ಉದ್ದಕ್ಕೂ ಒಮ್ಮೆ ನಡೆದ. ಮುಖ ಅರಳಿತು. "ಯಾರಾದ್ರೂ ಓದಲೇಬೇಕು ಅಂತ ಏನಿದೆ? ಎದ್ದು ಕಂಡರೆ ಸಾಕು. ಇಷ್ಟು ಎತ್ತರದ್ದು ಯಾರದ್ದಿರಬಹುದು ಅಂತ ಜನ ತಾವೇ ತಿಳ್ಕೋತಾರೆ."

ಅವಳು ಇನ್ನೊಂದು ಮಾತು ಹೇಳಬಹುದಿತ್ತು. ವಸಂತ ಹತ್ತಿರದಲ್ಲಿತ್ತು. ಹೇಳಲಿಲ್ಲ. ಬದಲಿಗೆ ಇಬ್ಬರಿಗೂ ಬೇರೆಬೇರೆಯಾಗಿ, ಇದಕ್ಕಿಂತ ಎತ್ತರ ಹೋದರೆ ವ್ಯಾನಿನೊಳಗೆ ನಿಲ್ಲುವುದಿಲ್ಲ, ಇಲ್ಲಿಗೆ ಸಾಕೆಂದು ಒಪ್ಪಿಸಿದಳು. ಇಬ್ಬರದೂ ಎರಡು ಗೇಣು, ಇಬ್ಬರದೂ ಒಂದೂಕಾಲು ಮೀಟರು. ಪಕ್ಷಪಾತ ಮಾಡಿದಳೆಂದು ಇನ್ನು ಯಾರೂ ಬೆರಳು ತೋರಿಸುವಂತಿರಲಿಲ್ಲ. ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ಚುನಾವಣೆಗೆ ಕೆಲವು ದಿನ ಇರುವಾಗ ಸುಬ್ಹಿ ಬೇಯ ತಾಯಿ ತೀರಿಕೊಂಡರು. ತೊಂಬತ್ತು ದಾಟಿದ ಜೀವ, ಮೊಮ್ಮಕ್ಕಳ ಮಕ್ಕಳನ್ನು ಕಂಡವರು. ಮನೆಯವರು ಪತ್ರಿಕೆಯಲ್ಲಿ ಹಾಕಿಸಿದರು: ದಯವಿಟ್ಟು ಹೂಚಕ್ರ ಕಳಿಸಬೇಡಿ, ಆ ಹಣವನ್ನು ಬಡಮಕ್ಕಳ ಓದಿಗೆ ಕೊಡಿ.

ಬಹ್ತಿಯಾರ್ ಪತ್ರಿಕೆ ಮಡಚಿಟ್ಟು ಎದ್ದ. "ಬೇಡ ಅಂದ್ರಾ? ಹಾಗಾದ್ರೆ ನಲವತ್ತಕ್ಕೆ ಸೊಪ್ಪು ಬೇಕು."

"ಬೇಡ ಅಂದ್ರೆ ಬೇಡ ಅಂತ ಅರ್ಥ ಅಲ್ವೇನೋ?"

"ಅಕ್ಕಾ, ಎಷ್ಟು ವರ್ಷ ಆಯ್ತು ನೀನು ಈ ಹಾನ್‌ಗೆ ಬಂದು? ಬೇಡ ಅಂದಾಗ ಕಳಿಸಿದ್ದು ಎರಡರಷ್ಟು ಲೆಕ್ಕಕ್ಕೆ ಬರುತ್ತೆ."

ನಲವತ್ತಮೂರು ಹೋದವು. ಮಸೀದಿಯ ಅಂಗಳದ ಗೋಡೆಗುಂಟ ಅವನ್ನು ಸಾಲಾಗಿ ನಿಲ್ಲಿಸಿದರು. ಗಾಳಿ ಬೀಸಿದರೆ ಥರ್ಮೋಕೋಲ್ ಅಕ್ಷರ ಕಳಚಿ ಬೀಳುತ್ತದೆ. ಆದ್ದರಿಂದ ದೊಡ್ಡವರ ಮನೆಯ ಸಾವಿಗೆ ನೆಜಾಹತ್ ಕೂಡ ಗುಂಡುಸೂಜಿಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಅಂದು ಗೋಡೆಯ ಕೊನೆಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಬಹ್ತಿಯಾರ್‌ನ ಪಕ್ಕದಲ್ಲಿ ನಿಂತಿದ್ದಳು. ಹಸಿರು ಬಟ್ಟೆ ಹೊದಿಸಿದ ಶವಪೆಟ್ಟಿಗೆ ಕಲ್ಲಿನ ಮೇಲಿತ್ತು. ಮಧ್ಯಾಹ್ನದ ನಮಾಜಿಗೆ ಇನ್ನೂ ಹೊತ್ತಿತ್ತು. ಊರಿನ ಅಂಗಡಿಕಾರರೆಲ್ಲ ಬಂದಿದ್ದರು. ದುಃಖ ಹೇಳುವುದಕ್ಕೆ ಬಂದವರೆಲ್ಲ ಮೊದಲು ಒಂದು ಸಲ ಗೋಡೆಯ ಕಡೆ ಕಣ್ಣು ಹಾಯಿಸಿ, ಆಮೇಲೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು.

ಒಂದು ರೀತಿ ಎಲ್ಲರಿಗೂ ಗೊತ್ತಿತ್ತು. ಹೂಚಕ್ರ ಕಳಿಸಿದವನು ಅದರ ಹತ್ತಿರ ಸುಳಿಯಬಾರದು, ಅದರ ಮಾತೆತ್ತಬಾರದು. ಕಳಿಸಿದ್ದೇ ನೆನಪಿಲ್ಲವೆಂಬಂತಿರಬೇಕು. ಹೆಸರು ತಾನೇ ಮಾತಾಡುತ್ತದೆ. ಅದಕ್ಕಾಗಿಯೇ ದುಡ್ಡು ಕೊಟ್ಟಿರುವುದು.

ಸುಬ್ಹಿ ಬೇ ಮಗಳ ತೋಳು ಹಿಡಿದು ಸಾಲಿನ ಮುಂದೆ ಬಂದರು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು, ಆದರೂ ಒಂದೊಂದರ ಮುಂದೆ ನಿಂತು ಹೆಸರು ಓದಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸುತ್ತಿದ್ದರು. ಜವಳಿಯವನದು. ಕಸಾಯಿಯವನದು. ಬ್ಯಾಂಕಿನವರದು. ಎಲ್ಲವೂ ಜಾವಿತ್‌ನ ಅಕ್ಷರ. ಪೊರೆ ಬಂದ ಕಣ್ಣಿಗೂ ಸಿಕ್ಕುತ್ತಿದ್ದವು.

"ರಿಫ್ಕಿ ಆಕ್," ಎಂದು ದೂರದಿಂದಲೇ ಓದಿದರು. ತಲೆಬಾಗಿಸಿದರು.

ಅದರ ಪಕ್ಕಕ್ಕೆ ಬಂದು ನಿಂತರು. ಮುಂದಕ್ಕೆ ಬಾಗಿದರು, ಹಿಂದಕ್ಕೆ ಸರಿದರು.

"ಇದೇನಮ್ಮಾ? ಇದಕ್ಕೆ ಯಾಕೆ ಕಿಟಕಿ ಸರಳು ಹಾಕಿದಾರೆ?"

ಮಗಳೂ ನೋಡಿದಳು. "ಗೊತ್ತಾಗ್ತಿಲ್ಲಪ್ಪಾ. ಅಲಂಕಾರ ಇರಬೇಕು."

ಮುದುಕರು ಉಳಿದವನ್ನೂ ನೋಡಿ ಮುಗಿಸಿದರು. ಕೊನೆಯಲ್ಲಿ ಹಿಂದೆ ತಿರುಗಿ, ಮಗಳಿಗೆಂದು ಹೇಳಿದರು. ಆದರೆ ಕಿವಿ ಮಂದವಾದವರು ಮೆಲ್ಲಗೆ ಮಾತಾಡುವುದು ಅಂಗಳಕ್ಕೆಲ್ಲ ಕೇಳಿಸುತ್ತದೆ.

"ಅಬ್ದುರ್ರಹಮಾನ್ ಮಾತ್ರ ಕಳಿಸಲಿಲ್ಲ ನೋಡು. ಚಿಕ್ಕವನಿದ್ದಾಗ ನಮ್ಮಮ್ಮನ ಕೈತುತ್ತು ತಿಂದವನು. ಇರಲಿ ಬಿಡು. ಅವನಿಗೇನು ಕಷ್ಟವೋ."

ಅಬ್ದುರ್ರಹಮಾನ್ ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದ. ಮುಖದ ರಕ್ತ ಇಳಿದುಹೋಯಿತು. 'ಅದು ನನ್ನದು' ಎಂದು ತನ್ನ ಬಾಯಿಂದ ಹೇಳುವುದಕ್ಕಿಂತ, ಸತ್ತ ಮುದುಕಿಯ ಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲುವುದೇ ವಾಸಿ. ಸುತ್ತ ನಿಂತ ಮತದಾರರು ಅವನ ಕಡೆ ನೋಡದಂತೆ ನೋಡಿದರು. ರಿಫ್ಕಿ ಆಕ್ ಮಾತ್ರ ಬಹಳ ದುಃಖದಿಂದ ತಲೆ ತಗ್ಗಿಸಿ ತನ್ನ ಬೂಟಿನ ತುದಿಗೆ ನಗುತ್ತಿದ್ದ.

ನೆಜಾಹತ್‌ಳ ತಲೆಯಲ್ಲಿ ಲೆಕ್ಕ ಓಡಿತು. ಸುಮ್ಮನಿದ್ದರೆ ರಿಫ್ಕಿ ಗೆದ್ದ ಹಾಗೆಯೇ. ಅವನಿಗೆ ತನ್ನ ಮೇಲೆ ಏನೂ ಕೋಪವಿಲ್ಲ. ಎರಡು ಗೇಣಿನ ಹೆಸರು ಮಾಡಿಕೊಟ್ಟವಳು. ಬಾಯಿ ಬಿಟ್ಟರೆ ಓದಲಾಗದ ಅಕ್ಷರ ಮಾಡಿದವಳು ತಾನೇ ಎಂದು ಊರೆದುರು ಒಪ್ಪಿಕೊಂಡಂತೆ, ರಿಫ್ಕಿಯ ನಗು ಆರಿಸಿದಂತೆ, ಮಳಿಗೆ ಕ್ಯಾಸೆಟ್ಟಿನವನಿಗೆ ಕೊಟ್ಟಂತೆ. ಸುಮ್ಮನಿರುವುದೇ ಸರಿ. ಲೆಕ್ಕ ತಪ್ಪಿರಲಿಲ್ಲ. ಆದರೆ ಮುದುಕರು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಅದು ತಾಯಿಗಾಗಿ ಅಲ್ಲವೆಂದು ಅವಳಿಗೆ ಗೊತ್ತಾಯಿತು. ತಾಯಿಯನ್ನು ಕಳೆದುಕೊಂಡ ದಿನವೇ ಮಗನಂಥವನೊಬ್ಬನನ್ನೂ ಕಳೆದುಕೊಂಡೆನೆಂದು ಆ ಮನುಷ್ಯ ಮನೆಗೆ ಹೋಗಬೇಕೆ? ಅದೂ ತನ್ನ ಕೈಯ ತಂತಿ ಕೊಯ್ದ ಥರ್ಮೋಕೋಲಿನಿಂದಾಗಿ?

"ಬೇಡ ಅಕ್ಕಾ," ಎಂದು ಬಹ್ತಿಯಾರ್ ಅವಳ ತೋಳು ಹಿಡಿದ. ಅವನು ಅವಳ ಮುಖ ಓದಬಲ್ಲವನಾಗಿದ್ದ.

"ಸುಬ್ಹಿ ಬೇ," ಅವಳು ಮುಂದೆ ಬಂದಿದ್ದಳು. "ಆ ಸರಳಿನದೇ ಅಬ್ದುರ್ರಹಮಾನ್ ಬೇ ಕಳಿಸಿದ್ದು. ಅದು ಅಲಂಕಾರ ಅಲ್ಲ, ಅವರ ಹೆಸರು. ಕೊಯ್ದವಳು ನಾನು."

ಮುದುಕರು ಮತ್ತೆ ಬೇಲಿಯ ಮುಂದೆ ಹೋಗಿ ನಿಂತರು. ಈಗ ಗೊತ್ತಿದ್ದು ನೋಡಿದರೂ ಓದಲಾಗಲಿಲ್ಲ.

"ಜಾವಿತ್‌ನ ಹೆಂಡತಿ ಅಲ್ವೇನಮ್ಮಾ ನೀನು? ಅವನ ಅಕ್ಷರ ಕುರುಡನೂ ಓದ್ತಿದ್ದ. ಇದನ್ನ ಯಾಕಮ್ಮಾ ಯಾರೂ ಓದದ ಹಾಗೆ ಮಾಡಿದೆ?"

ನೆಜಾಹತ್ ಅಬ್ದುರ್ರಹಮಾನ್‌ನ ಕಡೆ ನೋಡಿದಳು. ಅವನ ಕಣ್ಣಿನಲ್ಲಿ ಕಸಾಯಿ ಅಂಗಡಿಗೆ ಹೊರಟ ಕುರಿಯ ನೋಟವಿತ್ತು. ರಿಫ್ಕಿಯಷ್ಟೇ ಎತ್ತರ ಬೇಕೆಂದು ಕೇಳಿದನೆಂಬ ಸತ್ಯವನ್ನು ಶವದ ಮುಂದೆ ಹೇಳಿದರೆ ಅವನು ಮತ್ತೆ ಈ ಊರಿನಲ್ಲಿ ಒಲೆ ಮಾರುವಂತಿರಲಿಲ್ಲ. ಸುಳ್ಳು ಹೇಳಲು ಅವಳಿಗೆ ಮನಸ್ಸಿರಲಿಲ್ಲ, ಮಸೀದಿಯ ಅಂಗಳ. ಆಗ ಅವಳು ಸತ್ಯವನ್ನೇ ಹೇಳಿದಳು, ಬಟ್ಟೆಯಂಗಡಿಯವರು ಕತ್ತರಿಸಿಕೊಡುವಂತೆ ಬೇಕಾದಷ್ಟೇ ಅಳತೆ ಮಾಡಿ.

"ನಾನು ಹೇಳಿದೆ ಯಜಮಾನ್ರೇ, ಇದನ್ನ ಯಾರೂ ಓದೋಕಾಗಲ್ಲ ಅಂತ. ಅದಕ್ಕೆ ಅವರು, 'ಯಾರಾದ್ರೂ ಓದಲೇಬೇಕು ಅಂತ ಏನಿದೆ' ಅಂದ್ರು."

ಅಷ್ಟಕ್ಕೆ ನಿಲ್ಲಿಸಿದಳು.

ಸುಬ್ಹಿ ಬೇ ಹೂಚಕ್ರಗಳ ಸಾಲನ್ನು ಒಮ್ಮೆ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. "ಎಷ್ಟು ಹೆಣಕ್ಕೆ ಹೆಗಲು ಕೊಟ್ಟಿದೀನಿ ನಾನು," ಎಂದರು. "ಎಷ್ಟು ಹೂಚಕ್ರ ನೋಡಿದೀನಿ. ಎಲ್ಲದರಲ್ಲೂ ಹೆಸರೇ ಹೆಸರು. ಕಾಣಬಾರದು ಅಂತ ಹೆಸರು ಬರೆಸಿದವನನ್ನ ಇವತ್ತೇ ನೋಡಿದ್ದು. ಬಾರೋ ಇಲ್ಲಿ, ಅಬ್ದುರ್ರಹಮಾನ್."

ಅಬ್ದುರ್ರಹಮಾನ್ ಹೋದ. ಹೋಗದೆ ಬೇರೆ ದಾರಿಯಿರಲಿಲ್ಲ. ಮುದುಕರು ಅವನ ಕೊರಳನ್ನು ಅಪ್ಪಿಕೊಂಡು ಅತ್ತರು. ಅವನೂ ಅತ್ತ, ಬದುಕಿಕೊಂಡವನ ಅಳು ಅದು. ಆದರೆ ನೋಡುವವರಿಗೆ ವಿನಯದಂತೆಯೇ ಕಾಣಿಸಿತು. ಅದೇ ಹೊತ್ತಿಗೆ ಎಲ್ಲರ ಕಣ್ಣೂ ಪಕ್ಕದ ಹಲಗೆಗೆ ಹೊರಳಿತು. ಅಲ್ಲಿ ಎರಡು ಗೇಣು ಎತ್ತರದಲ್ಲಿ, ಮಿನಾರಿನ ಮೇಲಿಂದಲೂ ಓದಿಸಿಕೊಳ್ಳುವಂತೆ, ಸಾವಿನ ಮನೆಯಲ್ಲಿ ಕೂಗು ಹಾಕಿದಂತೆ ನಿಂತಿತ್ತು ರಿಫ್ಕಿ ಆಕ್‌ನ ಹೆಸರು. ಜವಳಿಯವನು ಪಕ್ಕದವನಿಗೆ, "ಥೂ, ನಾಚಿಕೆ ಬೇಡ್ವಾ," ಎಂದದ್ದು ನೆಜಾಹತ್‌ಳಿಗೂ ಕೇಳಿಸಿತು. ಜವಳಿಯವನದೇ ಹೆಸರು ಒಂದೂವರೆ ಗೇಣು ಇತ್ತು.

ಬಹ್ತಿಯಾರ್ ಅವಳ ಕಿವಿಯಲ್ಲಿ, "ನೀನು ಅಕ್ಷರ ಕೊಯ್ಯೋದರಲ್ಲಿ ಅಷ್ಟಕ್ಕಷ್ಟೇ ಅಕ್ಕಾ. ಮಾತು ಕೊಯ್ಯೋದರಲ್ಲಿ ಮಾತ್ರ ಜಾವಿತ್ ಅಣ್ಣನೂ ನಿನ್ನ ಮುಂದೆ ಏನೂ ಅಲ್ಲ," ಎಂದ.

ಸುಬ್ಹಿ ಬೇ ಯಾರ ಪರವಾಗಿಯೂ ಮತ ಕೇಳಲಿಲ್ಲ. ಸಾವಿನ ಮನೆಯಲ್ಲಿ ಹಂಚುವ ರವೆ ಹಲ್ವಾ ತಿನ್ನಲು ಬಂದವರಿಗೆಲ್ಲ ಬೇಲಿಯ ಕಥೆ ಹೇಳಿದರು, ಅಷ್ಟೇ. ಅಬ್ದುರ್ರಹಮಾನ್ ಕರಾಮುಸ್ತಫಾವೊಲು ಗೆದ್ದ. ರಿಫ್ಕಿಗೆ ಅವನ ಷಡ್ಡಕನ ಮತವೂ ಬಿತ್ತೋ ಇಲ್ಲವೋ ಅನುಮಾನ.

ಸೋತ ಮರುವಾರ ರಿಫ್ಕಿ ಅಂಗಡಿಗೆ ಬಂದ. ನಗು ಮೊದಲಿನಷ್ಟು ಇರಲಿಲ್ಲ.

"ನನಗೂ ಬೇಲಿ ಮಾಡಿಕೊಡು."

"ನಿಮ್ಮ ಹೆಸರಲ್ಲಿ ಏಳೇ ಅಕ್ಷರ ರಿಫ್ಕಿ ಬೇ. ಎಷ್ಟು ಕಿರಿದು ಮಾಡಿದ್ರೂ ಓದೋಕೆ ಬಂದೇ ಬರುತ್ತೆ."

"ಹಾಗಾದ್ರೆ ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಅಂಗಡಿ ಹೆಸರು, ಎಲ್ಲ ಸೇರಿಸು. ಓದೋಕಾಗಬಾರದು. ಎಷ್ಟಾದರೂ ಆಗಲಿ."

ಅವನೊಬ್ಬನೇ ಅಲ್ಲ. ಜವಳಿಯ, ಕಸಾಯಿಯ, ಬ್ಯಾಂಕಿನ ಎಲ್ಲರಿಗೂ ಈಗ ವಿನಯ ಬೇಕಿತ್ತು, ಎರಡು ಗೇಣು ಎತ್ತರದ ವಿನಯ. ಮುಂದಿನ ಮದುವೆಯ ದಿನ ಕಲ್ಯಾಣ ಮಂಟಪದ ಮುಂದೆ ಮೂವತ್ತು ಬಂಗಾರದ ಬೇಲಿಗಳು ನಿಂತವು. ಯಾವುದು ಯಾರದೆಂದು ಹುಡುಗಿಯ ತಂದೆಗೆ ಗೊತ್ತಾಗಲಿಲ್ಲ. ಹೂಚಕ್ರದ ಹತ್ತಿರ ಸುಳಿಯಬಾರದೆಂಬ ಹಳೆಯ ರೀತಿ ಆ ಸಂಜೆಯೇ ಮುರಿಯಿತು. ಕಳಿಸಿದವರೆಲ್ಲ ತಮ್ಮತಮ್ಮ ಬೇಲಿಯ ಪಕ್ಕದಲ್ಲಿ ಕಾವಲುಗಾರರಂತೆ ನಿಂತು, ಬಂದವರಿಗೆಲ್ಲ, "ಇದು ನಮ್ಮದೇ. ಹೆಸರು ಕಾಣೋದು ನಮಗಿಷ್ಟ ಇಲ್ಲ ನೋಡಿ," ಎಂದು ಗಟ್ಟಿಯಾಗಿ ಹೇಳುತ್ತಿದ್ದರು.

ಕರಾರಿಗೆ ಸಹಿ ಹಾಕಲು ಅಬ್ದುರ್ರಹಮಾನ್ ತಾನೇ ಮಳಿಗೆಗೆ ಬಂದ. ಚಹಾ ಕುಡಿದ. ಹೊರಡುವಂತೆ ಎದ್ದು, ಮತ್ತೆ ಕೂತ.

"ಅಕ್ಕಾ, ಅಧ್ಯಕ್ಷರ ಕೋಣೆ ಬಾಗಿಲಿಗೆ ಹೆಸರಿನ ಹಲಗೆ ಬೇಕು."

"ಯಾವ ಅಕ್ಷರ?"

"ಅದೇ," ಎಂದ ಅವನು ಬಹಳ ಬೇಸರದಿಂದ. "ಬೇಲಿ. ಈಗ ಓದೋ ಹಾಗೆ ಬರೆಸಿದ್ರೆ, ಕುರ್ಚಿ ಸಿಕ್ಕ ತಕ್ಷಣ ಅಹಂಕಾರ ಬಂತು ಅಂತಾರೆ. ಹೊಸಬರು ಬಂದರೆ ನನ್ನ ಕೋಣೆ ಗೊತ್ತಾಗದೆ ಶೌಚಾಲಯದ ಬಾಗಿಲು ತಟ್ತಾರೆ. ಇಡೀ ಜೀವಮಾನ ಈ ಕುರ್ಚಿಗೆ ಆಸೆಪಟ್ಟೆ. ಈಗ ಕೂತಿದೀನಿ, ಕೂತಿರೋನು ಯಾರು ಅಂತ ಓದೋಕೆ ಒಬ್ಬನಿಗೂ ಆಗಲ್ಲ."

ನೆಜಾಹತ್ ನಗಲಿಲ್ಲ. ಅವನಿಗೆ ಇನ್ನೊಂದು ಲೋಟ ಚಹಾ ಹಾಕಿದಳು.

"ಇನ್ನೊಂದು," ಎಂದು ಅವನು ದನಿ ತಗ್ಗಿಸಿದ. "ಯಾರಿಗೂ ಹೇಳಬೇಡ. ಜಾವಿತ್ ಅಣ್ಣನ ಅಕ್ಷರದಲ್ಲಿ ಒಂದು ಬೇಕು. ನಾಲ್ಕು ಬೆರಳಿನದೇ ಸಾಕು. ಅಂಗಡಿಗಲ್ಲ. ಮಲಗೋ ಕೋಣೆಗೆ."

ಅವಳು ತಗಡಿನ ಅಚ್ಚುಗಳ ಧೂಳು ಒರೆಸಿ ಇಪ್ಪತ್ತಾರು ಅಕ್ಷರ ಕೊಯ್ದುಕೊಟ್ಟಳು. ಕಾಗದದಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು, ಅವನು ಹಿಂಬಾಗಿಲಿನಿಂದ ಹೋದ. ಜಾವಿತ್‌ನ ಅಚ್ಚುಗಳನ್ನು ಯಾರಾದರೂ ಕೇಳಿದ್ದು ಅದೇ ಕೊನೆ.

ನೆಜಾಹತ್‌ಳಿಗೆ ಮಳಿಗೆ ಐದು ವರ್ಷಕ್ಕೆ ಉಳಿಯಿತು, ಹಳೆಯ ಬಾಡಿಗೆಗೇ. ಕೆಲಸ ಎರಡರಷ್ಟಾಯಿತು. ಆ ಊರಿನಲ್ಲಿ ಹೂಚಕ್ರದ ಮೇಲಿನ ಹೆಸರನ್ನು ಓದುವುದು ನಿಂತುಹೋಯಿತು.